ಮಾದಪ್ಪನ ಕಾಡಿಗೆ ಸೀಡ್‌ಬಾಲ್ ಎಸೀಬೇಡಿ

1/9

ಮೊದಲನೇ ಫೋಟೋದಲ್ಲಿರೋ ಕೈ ನನ್ನದೇ. ಅಂಗೈಯಲ್ಲಿ ಮೂರು ಕೆಮ್ಮಣ್ಣಿನ ಉಂಡೆ, ಹಿಂದೆ ತಾಳಬೆಟ್ಟದಿಂದ ಮೇಲಕ್ಕೆ ಹೋಗೋ ರಸ್ತೆ, ಅದರಾಚೆ ಕಣ್ಣು ಹಾಯಿಸಿದಷ್ಟೂ ಹಸಿರು. ಹೋದ ವರ್ಷ ಜೂನ್ 5ಕ್ಕೆ ಹಾಕಿದ್ದೆ. ಈ ಅಕೌಂಟ್‌ನಲ್ಲಿ ಅತಿ ಹೆಚ್ಚು ಲೈಕ್ ಬಂದಿರೋ ಫೋಟೋ ಅದೇ. ನಿಮ್ಮಲ್ಲಿ ಅರ್ಧ ಜನ ಹಾರ್ಟ್ ಒತ್ತಿದ್ದೀರಿ, ಉಳಿದರ್ಧ ಜನ ನನ್ನ ಪಕ್ಕದಲ್ಲೇ ನಿಂತು ಉಂಡೆ ಎಸೀತಿದ್ರಿ.

ಅದೇ ಫೋಟೋನ ಇವತ್ತು ಮತ್ತೆ ಹಾಕ್ತಿದೀನಿ. ನಾವು ಮಾಡಿದ್ದು ತಪ್ಪು ಅಂತ ಹೇಳೋಕೆ.

ಈ ವರ್ಷನೂ ನಮ್ಮ ಕಾಲೇಜಲ್ಲಿ ನೋಟಿಸ್ ಹಾಕಿದ್ದಾರೆ. ಈ ಸಲ ಟಾರ್ಗೆಟ್ ಹತ್ತು ಸಾವಿರ ಉಂಡೆ. "ಬನ್ನಿ, ಮಾದಪ್ಪನ ಕಾಡನ್ನು ಹಸಿರಾಗಿಸೋಣ" ಅಂತ ಬರೆದಿದ್ದಾರೆ. ಗುರು, ಆ ಕಾಡು ಈಗಾಗ್ಲೇ ಹಸಿರಾಗಿದೆ. ಸಮಸ್ಯೆ ಇರೋದೇ ಅಲ್ಲಿ. ಯಾವ ಹಸಿರು ಅಂತ ನಾವ್ಯಾರೂ ಕೇಳಲಿಲ್ಲ.

ಉದ್ದ ಇದೆ, ಒಂಬತ್ತು ಪೋಸ್ಟ್. ಬೈಯೋದಾದ್ರೆ ಒಂಬತ್ತೂ ಓದಿ ಆಮೇಲೆ ಬೈಯಿರಿ.

2/9

ಉಂಡೆಯೊಳಗೆ ಏನಿತ್ತು ಅಂತ ನೆನಪಿದೆಯಾ? ಫೋಟೋ ನೋಡಿ, ನಮ್ಮ ಕ್ಯಾಂಪಸ್‌ನ ಜಗಲಿ ಮೇಲೆ ಬೀಜ ಹರಡಿರೋದು. ಹೊಂಗೆ, ಬೇವು, ಹುಣಸೆ. ಸರಿ, ಇವು ನಮ್ಮ ಕಡೆ ಬೆಳೆಯೋವೇ. ಪಕ್ಕದಲ್ಲಿರೋ ಉದ್ದುದ್ದ ಕಂದು ಕಾಯಿ? ಗೇಟಿನ ಹತ್ರ ಬಿದ್ದಿದ್ದ ಗುಲ್‌ಮೊಹರ್. ಅದರ ಊರು ಮಡಗಾಸ್ಕರ್, ಆಫ್ರಿಕಾದ ಪಕ್ಕದ ದ್ವೀಪ. ಪ್ಲಾಸ್ಟಿಕ್ ಕವರ್‌ನಲ್ಲಿ ಸಣ್ಣ ಸಣ್ಣ ಬೀಜ ಇದ್ದಿದ್ದು ಸುಬಾಬುಲ್, ಮೆಕ್ಸಿಕೋ ಕಡೆಯದು, ಒಂದ್ಸಲ ಬೇರು ಬಿಟ್ರೆ ಎಬ್ಬಿಸೋಕೆ ಆಗಲ್ಲ. ಆಮೇಲೆ ನೆಲ್ಲಿ ಬೀಜ. ಅದು ಎಲ್ಲಿಂದ ಬಂತು ಅಂದ್ರೆ, ನಮ್ಮಲ್ಲೊಬ್ಬರ ತೋಟದ ಕಸಿ ನೆಲ್ಲಿಯಿಂದ. ಆ ನೆಲ್ಲಿಯ ವಿಷಯಕ್ಕೆ ಐದನೇ ಪೋಸ್ಟಲ್ಲಿ ಬರ್ತೀನಿ, ನನಗೆ ಜಾಸ್ತಿ ಹೊಟ್ಟೆ ಉರಿದಿದ್ದು ಅದಕ್ಕೇ.

ಇದನ್ನೆಲ್ಲ ನಾವು ಎಸೆದಿದ್ದು ಎಲ್ಲಿಗೆ? ವನ್ಯಜೀವಿ ಧಾಮಕ್ಕೆ. ಮಲೆ ಮಹದೇಶ್ವರ ವನ್ಯಜೀವಿ ಧಾಮ 2013ರಲ್ಲಿ ಘೋಷಣೆಯಾಗಿದ್ದು, ಸುಮಾರು 906 ಚದರ ಕಿಲೋಮೀಟರ್. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಕಾವೇರಿ ಧಾಮ, ಗಡಿ ದಾಟಿದ್ರೆ ತಮಿಳುನಾಡಿನ ಸತ್ಯಮಂಗಲ. ಆನೆ, ಹುಲಿ ಒಂದು ಕಾಡಿಂದ ಇನ್ನೊಂದಕ್ಕೆ ಓಡಾಡೋ ದಾರಿ ಇದು. ಅಂಥ ಜಾಗಕ್ಕೆ ನಾವು ಬಸ್ಸಲ್ಲಿ ಹೋಗಿ, ಮಡಗಾಸ್ಕರ್ ಮತ್ತು ಮೆಕ್ಸಿಕೋ ಎಸೆದು, ಪುಳಿಯೋಗರೆ ತಿಂದು ಬಂದ್ವಿ.

ಉಂಡೆಗಳು ಬಿದ್ದ ಜಾಗ ಇನ್ನೊಂದು ಕಥೆ. ರಸ್ತೆ ಪಕ್ಕ ಎದೆ ಎತ್ತರ ಪೊದೆ ಇತ್ತು, ಗೊಂಚಲು ಗೊಂಚಲು ಕಿತ್ತಳೆ-ಗುಲಾಬಿ ಹೂವು. ಎಷ್ಟೋ ಜನ ಅದರ ಮುಂದೆ ನಿಂತು ಸೆಲ್ಫಿ ತಗೊಂಡ್ರಿ. ಅದು ಲಂಟಾನ. ಅದರ ಕೆಳಗೆ ಬಿದ್ದ ಬೀಜಕ್ಕೆ ಬಿಸಿಲೇ ತಾಗಲ್ಲ. ಅಂದ್ರೆ ನಮ್ಮ ಬೀಜದಲ್ಲಿ ಒಳ್ಳೇದು ಮೊಳೆಯೋ ಚಾನ್ಸ್ ಕಡಿಮೆ, ಮೊಳೆತ್ರೆ ಕೆಟ್ಟದ್ದೇ ಮೊಳೆಯೋ ಚಾನ್ಸ್ ಜಾಸ್ತಿ. ಎರಡು ಕಡೆಯಿಂದಲೂ ಲಾಸ್.

3/9

ಲಂಟಾನ. ಚದುರಂಗಿ ಅಂತಲೂ ಹೇಳ್ತಾರೆ. ನಮಗೆಲ್ಲ ಅದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಅದು ಇಲ್ಲಿಯದೇ ಗಿಡ ಅಂದ್ಕೊಂಡಿದ್ವಿ. ಚಿಕ್ಕೋರಿದ್ದಾಗ ಅದರ ಕಪ್ಪು ಹಣ್ಣು ತಿಂದಿದೀವಿ, ಹೂವು ಕಿತ್ತು ಜೇನು ಹೀರಿದೀವಿ. ಅದರ ತವರು ಅಮೆರಿಕ ಖಂಡದ ಬಿಸಿ ಪ್ರದೇಶ. ಬ್ರಿಟಿಷರು 1800ರ ದಶಕದ ಶುರುವಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ್ರು. ಯಾಕೆ? ಚೆನ್ನಾಗಿ ಕಾಣುತ್ತೆ ಅಂತ! ಅಷ್ಟೇ ಕಾರಣ. ಯಾರೋ ಒಬ್ಬರಿಗೆ ಫೋಟೋಗೆ ಚೆನ್ನಾಗಿ ಕಂಡಿದ್ದಕ್ಕೆ (ಆಗ ಫೋಟೋ ಇರಲಿಲ್ಲ ಬಿಡಿ) ಇವತ್ತು ನಮ್ಮ ಕಾಡು ಬೆಲೆ ತೆರ್ತಿದೆ.

ಎಷ್ಟು ಬೆಲೆ? 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ದೇಶದ ಹುಲಿ ಇರೋ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರ್‌ನಲ್ಲಿ ಲಂಟಾನ ಇದೆ, ಅಂದ್ರೆ ಶೇಕಡಾ 40ಕ್ಕೂ ಹೆಚ್ಚು. ಅಷ್ಟು ದೂರ ಯಾಕೆ, ಪಕ್ಕದ ಬಿಳಿಗಿರಿರಂಗನ ಬೆಟ್ಟ ತಗೊಳ್ಳಿ. ಅಲ್ಲಿ ಸಂಶೋಧಕರು ಕಾಡನ್ನ ತುಂಡು ತುಂಡಾಗಿ ಗುರುತು ಹಾಕ್ಕೊಂಡು ಎರಡು ಸಲ ಸಮೀಕ್ಷೆ ಮಾಡಿದ್ರು. 1997ರಲ್ಲಿ ನೋಡಿದಾಗ ಶೇಕಡಾ 41 ಜಾಗಗಳಲ್ಲಿ ಲಂಟಾನ ಇತ್ತು. 2008ಕ್ಕೆ ಶೇಕಡಾ 81. ಹನ್ನೊಂದು ವರ್ಷದಲ್ಲಿ ಡಬಲ್. ಯಾವ ಬ್ಯಾಂಕೂ ಕೊಡದ ಬಡ್ಡಿ.

ಲಂಟಾನ ಬಂದ ಜಾಗದಲ್ಲಿ ಹುಲ್ಲು ಹೋಗುತ್ತೆ. ಹುಲ್ಲು ಹೋದ್ರೆ ಜಿಂಕೆ, ಕಡವೆ, ಕಾಟಿಗೆ ಮೇವಿಲ್ಲ. ಮರದ ಸಸಿ ಮೇಲೇಳಲ್ಲ. ಹಳೇ ಮರಗಳು ನಿಂತಿರ್ತವೆ, ದೂರದಿಂದ ನೋಡಿದ್ರೆ ಕಾಡು ಕಾಡಾಗೇ ಕಾಣುತ್ತೆ, ಆದ್ರೆ ಕೆಳಗೆ ಮುಂದಿನ ತಲೆಮಾರೇ ಇಲ್ಲ. ಮನೆ ತುಂಬ ಅಜ್ಜ ಅಜ್ಜಿಯರೇ ಇದ್ದು ಒಂದು ಮಗುವೂ ಇಲ್ಲದ ಊರು ನೆನೆಸ್ಕೊಳ್ಳಿ, ಹಂಗೆ.

4/9

ಆ ದಿನ ಬಸ್ಸಲ್ಲಿ ನಮ್ಮ ಜೊತೆ ಬಂದು ಒಂದು ಉಂಡೆನೂ ಎಸೀದೆ ಇದ್ದವನು ಒಬ್ಬನೇ. ನಮ್ಮ ಕ್ಲಾಸಿನವನು, ಸೋಲಿಗರ ಹುಡುಗ, ಬೆಟ್ಟದ ಕಡೆಯ ಪೋಡಿನವನು. ಹೆಸರು ಬೇಡ ಅಂದಿದ್ದಾನೆ. ನಿಮಗೆ ಗೊತ್ತಾದ್ರೆ ಗೊತ್ತಾಗ್ಲಿ, ಕಾಮೆಂಟಲ್ಲಿ ಟ್ಯಾಗ್ ಮಾಡಬೇಡಿ.

ಯಾಕೋ ಎಸೀಲಿಲ್ಲ ಅಂತ ಕೇಳಿದ್ದಕ್ಕೆ ಮೊದಲು ನಕ್ಕ. ಆಮೇಲೆ ಹೇಳಿದ, "ಕಾಡ್‌ಗೆ ಬೀಜ ನೀವ್ ಯಾಕ್ ಹಾಕ್‌ಬೇಕು ಕಣ? ಬೀಜ ಹಾಕಾಕೆ ಜಿಂಕ ಅದ, ಕರಡಿ ಅದ, ಹಕ್ಕಿ ಅದ. ಬೀಜಕ್ಕೇನೂ ಬರ ಇಲ್ಲ. ಬಿದ್ದ ಬೀಜ ಮ್ಯಾಕ್ಕೆ ಏಳಾಕೆ ಜಾಗ ಇಲ್ಲ, ಅಷ್ಟೇ."

ನನಗೆ ಕಪಾಳಕ್ಕೆ ಹೊಡೆದಂಗಾಯ್ತು. ನಾವು ನಲವತ್ತು ಜನ ಡಿಗ್ರಿ ಓದೋರು, ಒಂದು ವಾರ ಮಣ್ಣು ಕಲೆಸಿದ್ವಿ. ಇವನನ್ನ ಒಂದು ಮಾತು ಕೇಳಲಿಲ್ಲ.

ಅವನ ಅಜ್ಜಿ ಕಾಲದಲ್ಲಿ ತರಗು ಬೆಂಕಿ ಹಾಕ್ತಿದ್ರಂತೆ. ಚಳಿಗಾಲ ಮುಗೀತಾ ಬಂದಾಗ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ, ಒಣಗಿದ ತರಗಿಗೆ ಸಣ್ಣ ಬೆಂಕಿ. ಮೊಣಕಾಲೆತ್ತರ ಉರಿದು ಹಂಗೇ ಆರೋಗೋದು. ಕಳೆ ಸುಡೋದು, ಉಣ್ಣೆ ಸಾಯೋದು, ಮಳೆ ಬಿದ್ದ ಕೂಡಲೇ ಹುಲ್ಲು ಬರೋದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಧಾಮ ಆಯ್ತು, ಬೆಂಕಿ ಅಂದ್ರೆ ಅಪರಾಧ ಅಂತ ಆಯ್ತು. ಬೆಂಕಿ ನಿಂತ ಮೇಲೆಯೇ ಲಂಟಾನ ಏರಿದ್ದು ಅಂತ ಸೋಲಿಗರು ಹೇಳ್ತಾನೇ ಬಂದಿದ್ದಾರೆ. ಅವರ ಈ ಮಾತನ್ನ ಸಂಶೋಧಕರು ದಾಖಲೆ ಮಾಡಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ ಕೂಡ.

ಹಂಗಂತ ನಾಳೆ ಯಾರೂ ಬೆಂಕಿಪೊಟ್ಟಣ ತಗೊಂಡು ಹೋಗಬೇಡಿ, ಕೈ ಮುಗೀತೀನಿ. ಈಗ ಆ ಸಣ್ಣ ಬೆಂಕಿ ಸಾಧ್ಯವೇ ಇಲ್ಲ. ಲಂಟಾನ ಆಳೆತ್ತರ ಒಣಗಿ ನಿಂತಿರುತ್ತೆ, ಮರಗಳ ಮೇಲೂ ಹಬ್ಬಿರುತ್ತೆ. ನೆಲದ ಬೆಂಕಿಗೆ ಅದೇ ಏಣಿ. ಮಾರ್ಚ್-ಏಪ್ರಿಲ್‌ನಲ್ಲಿ ಹತ್ತಿಕೊಂಡ್ರೆ ಮರದ ತುದಿವರೆಗೂ ಹೋಗುತ್ತೆ. ಸುಟ್ಟ ಮೇಲೂ ಮೊದಲು ಚಿಗುರೋದು ಲಂಟಾನನೇ. ಮೊದಲು ಅದನ್ನ ತೆಗೀಬೇಕು, ಆಮೇಲೆ ಉಳಿದ ಮಾತು.

5/9

ಈಗ ನೆಲ್ಲಿ.

ನಮ್ಮ ಬೆಟ್ಟಗಳಲ್ಲಿ ನೆಲ್ಲಿ ಒಂದಲ್ಲ, ಎರಡು ಜಾತಿ. ಒಂದು ಎಲ್ಲರಿಗೂ ಗೊತ್ತಿರೋ ಕಾಡು ನೆಲ್ಲಿ. ಇನ್ನೊಂದು ಇಟ್ಟುನೆಲ್ಲಿ, ಕಾಯಿ ಸ್ವಲ್ಪ ದಪ್ಪ, ಒಣ ಕಾಡಲ್ಲಿ ಬೆಳೆಯೋದು. ಈ ಎರಡನೇದು ದಕ್ಷಿಣ ಭಾರತ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಾವು ಉಪ್ಪು-ಖಾರ ಹಚ್ಚಿ ತಿನ್ನೋವಾಗ ಇದೆಲ್ಲ ಯಾರಿಗೆ ಗೊತ್ತು.

ಒಂದೇ ಜಾತಿಯೊಳಗೂ ಮರದಿಂದ ಮರಕ್ಕೆ ವ್ಯತ್ಯಾಸ ಇರುತ್ತೆ. ಒಂದು ಮರ ಬರ ತಡೆಯುತ್ತೆ, ಒಂದು ಬೇಗ ಹೂ ಬಿಡುತ್ತೆ, ಒಂದರ ಕಾಯಿ ಸಣ್ಣ ಆದ್ರೆ ಹುಳ ಹಿಡಿಯಲ್ಲ. ಇದನ್ನೇ ವಂಶವಾಹಿ ವೈವಿಧ್ಯ ಅನ್ನೋದು. ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ: ಎಲ್ಲಾ ದುಡ್ಡನ್ನ ಒಂದೇ ಷೇರಿಗೆ ಹಾಕಬಾರದು ಅಂತ ಎರಡನೇ ಸೆಮಿಸ್ಟರ್‌ನಿಂದ ಬಡ್ಕೋತಿದಾರಲ್ಲ, ಕಾಡು ಅದನ್ನ ಸಾವಿರಾರು ವರ್ಷದಿಂದ ಮಾಡ್ತಿದೆ. ಮುಂದಿನ ಬರ ಹೇಗಿರುತ್ತೋ, ಮುಂದಿನ ರೋಗ ಯಾವುದೋ ಯಾರಿಗೂ ಗೊತ್ತಿಲ್ಲ, ಅದಕ್ಕೇ ಎಲ್ಲಾ ತರದ್ದೂ ಇಟ್ಟುಕೊಂಡಿರುತ್ತೆ.

ತೋಟದ ಕಸಿ ನೆಲ್ಲಿ ಇದರ ಉಲ್ಟಾ. ಎನ್‌ಎ-7 ಅಂತ ನರ್ಸರಿಯಲ್ಲಿ ಮಾರ್ತಾರಲ್ಲ, ಅದು ಉತ್ತರ ಪ್ರದೇಶದ ಫೈಜಾಬಾದಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆಯ್ಕೆ ಮಾಡಿದ ತಳಿ. ದೊಡ್ಡ ಕಾಯಿ, ಒಳ್ಳೇ ಇಳುವರಿ. ತೋಟಕ್ಕೆ ಬೇಕಾದಷ್ಟು ಹಾಕಿ, ನನ್ನ ತಕರಾರಿಲ್ಲ. ಆದ್ರೆ ಕಸಿ ಅಂದ್ರೆ ಅರ್ಥ ಏನು? ಅಷ್ಟೂ ಮರಗಳು ಒಂದೇ ಮರದ ತುಂಡುಗಳು. ಸಾವಿರ ಗಿಡ, ಒಂದೇ ಗುಣ. ಅದರ ಬೀಜವನ್ನ ಉಂಡೆ ಕಟ್ಟಿ ಕಾಡಿಗೆ ಎಸೆದು, ಅದರಲ್ಲಿ ನಾಲ್ಕೇ ನಾಲ್ಕು ಬೆಳೆದು ಹೂ ಬಿಟ್ರೂ, ಅದರ ಪರಾಗ ಕಾಡು ನೆಲ್ಲಿಗೆ ಹೋಗುತ್ತೆ. ನೀರು ಗೊಬ್ಬರ ಹಾಕಿ ಸಾಕಿದ ತೋಟದ ಗುಣ, ನೀರಿಲ್ಲದ ಬೆಟ್ಟದಲ್ಲಿ ಬದುಕೋಕೆ ಕಲಿತ ಮರದ ಸಂತಾನದೊಳಗೆ ಸೇರುತ್ತೆ. ಒಂದ್ಸಲ ಬೆರೆತ ಮೇಲೆ ಬೇರೆ ಮಾಡೋಕೆ ಯಾವ ಜರಡಿಯೂ ಇಲ್ಲ.

ಇದು ನಾನು ಕಟ್ಟಿದ ಹೆದರಿಕೆ ಅಲ್ಲ. ನಮ್ಮ ನೆಲ್ಲಿಯ ವಂಶವಾಹಿ ವೈವಿಧ್ಯ ಎಲ್ಲೆಲ್ಲಿ ಎಷ್ಟಿದೆ ಅಂತ ನಕ್ಷೆ ಮಾಡೋ ಕೆಲಸ ನಾವು ಹುಟ್ಟೋ ಮೊದಲೇ ಆಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಕೆ. ಎನ್. ಗಣೇಶಯ್ಯ 1997ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದ್ರು. ಹೌದು, ಕಾದಂಬರಿ ಬರೆಯೋ ಅದೇ ಗಣೇಶಯ್ಯ, ನಮ್ಮ ಲೈಬ್ರರಿಯಲ್ಲಿ ಅವರ ಪುಸ್ತಕಕ್ಕೆ ಕ್ಯೂ ಇರುತ್ತಲ್ಲ. ಬೀಜವನ್ನ ಫ್ರಿಜ್‌ನಲ್ಲಿ ಇಡೋ ಬದಲು ಕಾಡನ್ನೇ ಜೀನ್ ಬ್ಯಾಂಕ್ ಮಾಡೋಣ ಅನ್ನೋದು ಅವರ ಯೋಚನೆ. ಒಂದು ಒಳ್ಳೇ ಕಾಡಿನ ಜಾಗ ಆರಿಸಿ, ಬೇರೆ ಬೇರೆ ಕಡೆಯ ಕಾಡು ನೆಲ್ಲಿಗಳ ಗುಣ ಅಲ್ಲಿ ಬಂದು ಸೇರಿ, ಅಲ್ಲೇ ಬೆಳೆದು, ಅಲ್ಲೇ ಮುಂದುವರಿಯೋ ಹಾಗೆ ನೋಡ್ಕೊಳ್ಳೋದು. ಯಾವ ಮರ ಎಲ್ಲಿಯದು ಅನ್ನೋ ಲೆಕ್ಕ ಇಟ್ಟುಕೊಂಡು ಮಾಡೋ ಕೆಲಸ ಅದು. ನಾವು ಮಾಡಿದ್ದು ಆ ಬ್ಯಾಂಕಿನ ಕಿಟಕಿಯಿಂದ ಖೋಟಾ ನೋಟು ತೂರಿದ್ದು.

6/9

ಸ್ವಲ್ಪ ಹೊರಗಿನ ಮಾತು. ಯುರೋಪಿನಲ್ಲಿ ಬೀಚ್ ಅಂತ ಒಂದು ಮರ ಇದೆ. ಬೀಚ್ ಅಂದ ಕೂಡಲೇ ಗೋವಾ ಟ್ರಿಪ್ ನೆನಪು ಮಾಡ್ಕೋಬೇಡಿ, ಇದು ಮರ. ಅಲ್ಲಿನ ಹಳೇ ಬೀಚ್ ಕಾಡುಗಳನ್ನ ಯುನೆಸ್ಕೋ 2007ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಮೊದಲು ಸ್ಲೊವಾಕಿಯ ಮತ್ತು ಉಕ್ರೇನ್, ಈಗ 18 ದೇಶಗಳ ಕಾಡು ಸೇರಿವೆ. ನಮ್ಮ ಪಶ್ಚಿಮ ಘಟ್ಟ 2012ರಲ್ಲಿ ಸೇರಿದ್ದು ಅದೇ ಪಟ್ಟಿಗೆ.

ಅಲ್ಲಿ ಬೇರೆ ಬೇರೆ ಪ್ರದೇಶದ ಬೀಚ್ ಬೀಜ ತಂದು ಒಂದೇ ಜಾಗದಲ್ಲಿ ಸಾಲಾಗಿ ನೆಟ್ಟು ನೋಡಿದ್ದಾರೆ. ಒಂದೇ ಜಾತಿಯ ಮರ, ಆದ್ರೂ ಆಗ್ನೇಯದ ಕಡೆಯ ಬೀಜದ್ದು ಬೇಗ ಚಿಗುರುತ್ತೆ, ಪಶ್ಚಿಮದ ಕಡಲ ಕಡೆಯದು ತಡವಾಗಿ. ಬೇಗ ಚಿಗುರಿದ್ದು ವಸಂತದ ಕೊನೇ ಹಿಮಕ್ಕೆ ಸಿಕ್ಕಿ ಸುಟ್ಟು ಹೋಗುತ್ತೆ. ಹೀಗಾಗಿ ಯುರೋಪಿಯನ್ ಒಕ್ಕೂಟದಲ್ಲಿ 1999ರಿಂದ ಒಂದು ನಿಯಮ ಇದೆ: ಕಾಡಿಗೆ ಹಾಕೋ ಬೀಜ, ಸಸಿ ಮಾರಬೇಕಾದ್ರೆ ಅದು ಯಾವ ಕಾಡಿನದು ಅನ್ನೋ ದಾಖಲೆ ಬೇಕು.

ಬಿಲ್ ಇಲ್ಲದೆ ಸರಕು ತಗೋಬಾರದು ಅಂತ ನಮಗೆ ಅಕೌಂಟ್ಸ್‌ನಲ್ಲಿ ಕಲಿಸ್ತಾರೆ. ಎರಡು ರೂಪಾಯಿ ಪೆನ್ನಿಗೂ ವೋಚರ್ ಬರೆಸ್ತಾರೆ. 906 ಚದರ ಕಿಲೋಮೀಟರ್ ಕಾಡಿಗೆ ಬೀಜ ಹಾಕೋವಾಗ ಮಾತ್ರ "ಎಲ್ಲಿಂದ ತಂದ್ರೋ?" ಅಂತ ಕೇಳೋರು ಒಬ್ಬರಿಲ್ಲ.

7/9

ಹೋದ ಸಲ ಸ್ಟೋರಿಯಲ್ಲಿ ಇದರ ಬಗ್ಗೆ ಎರಡು ಲೈನ್ ಬರೆದಾಗ ಒಬ್ಬರು ಮೆಸೇಜ್ ಹಾಕಿದ್ರು: "ಕಾಡು ಹಾಳು ಮಾಡಿದ್ದೇ ಕಾಡಲ್ಲಿರೋರು. ನೆಲ್ಲಿಕಾಯಿ, ಜೇನು ಎಲ್ಲಾ ಕಿತ್ತು ಮಾರ್ಕೊಂಡ್ರೆ ಇನ್ನೇನು ಉಳಿಯುತ್ತೆ?" ಪಬ್ಲಿಕ್ ಆಗೇ ಉತ್ತರ ಕೊಡ್ತೀನಿ.

ನಿಮಗೆ ಅನ್ನಿಸಿದ್ದೇ ಸರ್ಕಾರಕ್ಕೂ ಅನ್ನಿಸಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆದ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡಿನ ಉತ್ಪನ್ನ ತಂದು ಮಾರೋದನ್ನ ನಿಲ್ಲಿಸಿದ್ರು. ಲ್ಯಾಂಪ್ಸ್ ಸೊಸೈಟಿಗೆ ನೆಲ್ಲಿ, ಜೇನು, ಪಾಚಿ ಕೊಟ್ಟು ಅಕ್ಕಿ ತರ್ತಿದ್ದ ಮನೆಗಳು ಕಾಫಿ ತೋಟದ ಕೂಲಿಗೆ ಹೋದವು. ಸರಿ, ಕಾಯಿ ಕೀಳೋರು ಇಲ್ಲ ಅಂದ್ರೆ ನೆಲ್ಲಿ ಹೆಚ್ಚಬೇಕಿತ್ತಲ್ಲ?

ಹೆಚ್ಚಲಿಲ್ಲ. ಏಟ್ರೀ ಸಂಸ್ಥೆ ಮತ್ತು ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಾನುಗಟ್ಟಲೆ ಇದೇ ಎರಡು ನೆಲ್ಲಿ ಜಾತಿಗಳ ಹಿಂದೆ ಬಿದ್ದು ಲೆಕ್ಕ ಹಾಕಿ 2012ರಲ್ಲಿ ಬರೆದ್ರು. ನೆಲ್ಲಿ ಕಡಿಮೆಯಾಗೋಕೆ ಮುಖ್ಯ ಕಾರಣ ಕಾಯಿ ಕೀಳೋದಲ್ಲ. ದೊಡ್ಡ ಮರಗಳನ್ನ ಕೊಲ್ತಿರೋದು ಬದನಿಕೆ, ಸಸಿ ಏಳದಂತೆ ಮಾಡ್ತಿರೋದು ಲಂಟಾನ.

ಬದನಿಕೆ ಗೊತ್ತಲ್ಲ, ಮರದ ಮೇಲೇ ಬೇರೂರಿ ಅದರ ರಸ ಹೀರೋ ಗಿಡ. ಬದನಿಕೆ ಹಕ್ಕಿ ಹಣ್ಣು ತಿಂದು ಅಂಟಂಟು ಬೀಜವನ್ನ ಇನ್ನೊಂದು ಕೊಂಬೆಗೆ ಒರೆಸುತ್ತೆ, ಅಲ್ಲೇ ಅದು ಮೊಳೆಯುತ್ತೆ. ಕಾಯಿಗೆ ಅಂತ ಮರ ಹತ್ತಿದ ಸೋಲಿಗರು ಬದನಿಕೆ ಹಿಡಿದ ಕೊಂಬೆ ಕಂಡ್ರೆ ಕಡಿದು ಹಾಕ್ತಿದ್ರು, ಮುಂದಿನ ವರ್ಷನೂ ಕಾಯಿ ಬೇಕಲ್ಲ ಅಂತ. ಮರ ಹತ್ತೋರನ್ನೇ ಓಡಿಸಿದ ಮೇಲೆ ಅದನ್ನ ಕಡಿಯೋರು ಯಾರು? ಅಂದ್ರೆ ನೀವು ಕಳ್ಳ ಅಂತ ಹೊರಗೆ ಹಾಕಿದ್ದು ಕಾವಲುಗಾರನನ್ನ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ 2011ರಲ್ಲಿ ಆ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ತು, ಹುಲಿ ಮೀಸಲು ಪ್ರದೇಶವೊಂದರೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅಷ್ಟರಲ್ಲಿ ಎಷ್ಟು ಮರ ಹೋಗಿದ್ವೋ.

ಮಾದಪ್ಪನ ಕಥೆಯನ್ನಾದ್ರೂ ನೆನಪು ಮಾಡ್ಕೊಳ್ಳಿ. ಕಂಸಾಳೆಯವರು ಸಂಕಮ್ಮನ ಸಾಲು ಹಾಡೋದನ್ನ ನಿಮ್ಮಜ್ಜಿ ರಾತ್ರಿಯೆಲ್ಲ ಕೂತು ಕೇಳಿಲ್ವಾ? ಆ ಸಂಕಮ್ಮ ಯಾರು? ಸೋಲಿಗರ ಹೆಣ್ಣು. ಕಾರಯ್ಯ, ಬಿಲ್ಲಯ್ಯ ಹುಟ್ಟಿದ್ದು ಆಕೆಯ ಹೊಟ್ಟೆಯಲ್ಲಿ. ದೀಪಾವಳಿ ಜಾತ್ರೆಗೆ ಉಘೇ ಉಘೇ ಅಂತ ಬೆಟ್ಟ ಹತ್ತೋ ನಾವು, ಕೆಳಗಿಳಿದು ಬಂದು ಸೋಲಿಗರಿಂದ ಕಾಡು ಹಾಳಾಯ್ತು ಅಂತ ಟೈಪ್ ಮಾಡ್ತೀವಿ.

8/9

ಹಂಗಾದ್ರೆ ಊರಿನವರದ್ದು ಏನೂ ತಪ್ಪಿಲ್ವಾ? ಇದೆ. ಅದನ್ನ ಮುಚ್ಚಿಟ್ರೆ ನಾನೂ ರೀಲ್ಸ್ ಮಾಡೋರಂಗೇ ಆಗ್ತೀನಿ.

2025ರ ಜೂನ್ ಕೊನೇ ವಾರ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ವು. ಹುಲಿ ಹೊಡೆದ ದನಕ್ಕೆ ವಿಷ ಹಾಕಿದ್ರು. ಹುಲಿ ಮೇಲೆ ಸವಾರಿ ಮಾಡೋ ದೇವರ ಬೆಟ್ಟದಲ್ಲಿ ಐದು ಹುಲಿ. ಆ ದಿನ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಎಲ್ಲರೂ ಅಳೋ ಸ್ಟಿಕ್ಕರ್ ಹಾಕಿದ್ರಿ, ನಾನೂ ಹಾಕಿದೆ. ಆಮೇಲೆ ಕಾಡೊಳಗೆ ದನ ಮೇಯಿಸೋದನ್ನ ಪೂರ್ತಿ ನಿಲ್ಲಿಸಬೇಕು ಅನ್ನೋ ಮಾತು ಬಂತು, ದೊಡ್ಡಿ ಹಾಕಿ ಬದುಕೋರು ಬೀದಿಗಿಳಿದ್ರು.

ದನ ಜಾಸ್ತಿಯಾದ್ರೆ ಕಾಡಿಗೆ ಪೆಟ್ಟು ಅನ್ನೋದು ನಿಜ. ಸಸಿ ತುಳಿದು ಹೋಗುತ್ತೆ, ಸಗಣಿಯೆಲ್ಲ ಗೊಬ್ಬರವಾಗಿ ಲಾರಿ ಹತ್ತಿ ಹೋದ್ರೆ ಕಾಡಿನ ಸತ್ವನೂ ಅದರ ಜೊತೆ ಹೋಗುತ್ತೆ. ಆದ್ರೆ ಒಂದು ಗಂಟು ನೋಡಿ. ಲಂಟಾನ ಹುಲ್ಲನ್ನ ತಿಂದು ಹಾಕಿದೆ. ಉಳಿದ ಸ್ವಲ್ಪ ಹುಲ್ಲಿಗೆ ಜಿಂಕೆನೂ ಬೇಕು, ದನನೂ ಬೇಕು. ಎರಡೂ ಒಂದೇ ಕಡೆ ಮೇಯುತ್ತವೆ, ಹುಲಿಗೆ ಸುಲಭವಾಗಿ ಸಿಗೋದು ದನ. ಲಂಟಾನಕ್ಕೆ ಕೈ ಹಾಕದೆ ದನದವರನ್ನ ಮಾತ್ರ ಓಡಿಸಿದ್ರೆ ಇನ್ನೂ ನಾಲ್ಕು ಮನೆಗೆ ಕಾಡಿನ ಮೇಲೆ ಹಗೆ ಹುಟ್ಟುತ್ತೆ, ಅಷ್ಟೇ.

ದನದಲ್ಲೂ ತಳಿ ಪ್ರಶ್ನೆ ಇದೆ ಮತ್ತೆ. ಗಡಿಯಾಚೆ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡೋ ಲಿಂಗಾಯತರು ಸಾಕ್ಕೊಂಡು ಬಂದ ಬರಗೂರು ದನ, ಕಂದು ಮೈ ಮೇಲೆ ಬಿಳಿ ಮಚ್ಚೆ, ಕಟ್ಟಿ ಹಾಕಿದ್ರೆ ನಿಲ್ಲದ ಜಾತಿ. ಬೆಟ್ಟ ಹತ್ತಿಳಿದು ಮೇಯ್ದೇ ಆದ ತಳಿ ಅದು. ಮೇಯೋಕೆ ಕಾಡೇ ಇಲ್ಲ ಅಂದ್ರೆ ಆ ತಳಿಯೂ ಇರಲ್ಲ. ಇದಕ್ಕೆ ನನ್ನ ಹತ್ರ ರೆಡಿ ಉತ್ತರ ಇಲ್ಲ. ಹುಲಿನೂ ಬೇಕು, ಅದೂ ಬೇಕು ಅನ್ನಿಸುತ್ತೆ.

ಶ್ರೀಗಂಧದ ಬಗ್ಗೆ ಒಂದೇ ಮಾತು ಹೇಳಿ ಬಿಡ್ತೀನಿ. ಕಳ್ಳರು ಯಾವತ್ತೂ ಕಡಿಯೋದು ಚೇಗು ಚೆನ್ನಾಗಿ ಕಟ್ಟಿದ ಮರವನ್ನೇ, ಬಡಕಲು ಮರ ಬಿಟ್ಟು ಹೋಗ್ತಾರೆ. ದಶಕಗಟ್ಟಲೆ ಹಿಂಗಾದ್ರೆ ಬೀಜ ಹಾಕೋಕೆ ಉಳಿಯೋದು ಯಾವ ಮರ? ವೀರಪ್ಪನ್ 2004ರಲ್ಲಿ ಸತ್ತ. ಕಡಿದ ಮರ ಬಿಡಿ, ಆ ಮರಗಳಿಂದ ಹುಟ್ಟಬೇಕಿದ್ದ ಗಿಡಗಳೂ ಇಲ್ಲ. ಆ ಲೆಕ್ಕ ಯಾವ ಎಫ್‌ಐಆರ್‌ನಲ್ಲೂ ಇಲ್ಲ.

9/9

"ಬರೀ ತಪ್ಪು ಹುಡುಕ್ತೀಯ, ಏನ್ ಮಾಡ್ಬೇಕು ಅಂತ ಹೇಳು" ಅಂತೀರಿ. ಹೇಳ್ತೀನಿ.

ಬಸ್ಸಿನ ದುಡ್ಡು, ಬ್ಯಾನರಿನ ದುಡ್ಡು, ಟೀ ಶರ್ಟಿನ ದುಡ್ಡು ಲೆಕ್ಕ ಹಾಕಿ. ನಲವತ್ತು ಜನರ ಟೀ ಶರ್ಟಿಗೇ ಎಷ್ಟಾಯ್ತು ಅಂತ ನಮ್ಮ ಕ್ಲಾಸಿನ ಖಜಾಂಚಿಯನ್ನ ಕೇಳಿ. ಆ ದುಡ್ಡಲ್ಲಿ ಅರಣ್ಯ ಇಲಾಖೆಯ ಅನುಮತಿ ತಗೊಂಡು, ಪೋಡಿನವರಿಗೆ ಕೂಲಿ ಕೊಟ್ಟು, ಅವರು ತೋರಿಸಿದ ಕಡೆ, ಅವರ ಕೈಕೆಳಗೆ ನಾವು ಲಂಟಾನ ಕೀಳಬಹುದು. ಸುಮ್ನೆ ಸವರಿದ್ರೆ ಆಗಲ್ಲ, ಎರಡರಷ್ಟು ಚಿಗುರುತ್ತೆ. ದೆಹಲಿಯ ಪ್ರೊ. ಸಿ. ಆರ್. ಬಾಬು ಅವರ ತಂಡ ಕಾರ್ಬೆಟ್ ಕಾಡಲ್ಲಿ ಮಾಡಿ ತೋರಿಸಿದ ವಿಧಾನ ಇದೆ: ಮಣ್ಣಿನ ಕೆಳಗೆ ಬೇರು-ಕಾಂಡ ಸೇರೋ ಜಾಗದಲ್ಲಿ ಕಡಿದು, ಬುಡ ಎತ್ತಿ ತಲೆಕೆಳಗಾಗಿ ಇಡೋದು. ಮತ್ತೆ ಚಿಗುರಲ್ಲ. ಆಮೇಲೆ ಎರಡು ಮೂರು ವರ್ಷ ಅದೇ ಜಾಗಕ್ಕೆ ಹೋಗಿ, ಹಕ್ಕಿ ಹಾಕಿದ ಬೀಜದಿಂದ ಎದ್ದ ಸಸಿಗಳನ್ನ ಕೀಳಬೇಕು. ಒಂದು ದಿನದ ರೀಲ್‌ಗೆ ಆಗೋ ಕೆಲಸ ಅಲ್ಲ. ಬೆನ್ನು ನೋಯುತ್ತೆ. ಫೋಟೋ ಚೆನ್ನಾಗಿ ಬರಲ್ಲ.

ಕಿತ್ತ ಲಂಟಾನಕ್ಕೂ ಬೆಲೆ ಇದೆ. ಅದರ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು, ಬಿದಿರು-ಬೆತ್ತದ ಬದಲಿಗೆ ಕುರ್ಚಿ, ಬುಟ್ಟಿ ಮಾಡೋದನ್ನ ಏಟ್ರೀಯವರ ಜೊತೆ ನಮ್ಮ ಬೆಟ್ಟದ ಜನ ಇಪ್ಪತ್ತು ವರ್ಷದ ಹಿಂದೆಯೇ ಶುರು ಮಾಡಿದ್ರು. 2024ರಲ್ಲಿ ಲಾಲ್‌ಬಾಗಿನಲ್ಲಿ ಲಂಟಾನ ಆನೆಗಳ ಹಿಂಡು ನಿಂತಿತ್ತು, ಆದಿವಾಸಿಗಳೇ ಹೆಣೆದಿದ್ದು, ನಿಜವಾದ ಆನೆಯಷ್ಟೇ ದೊಡ್ಡದು. ಬೆಂಗಳೂರಿನೋರು ಕ್ಯೂ ನಿಂತು ಫೋಟೋ ತಗೊಂಡ್ರು. ಮಾರ್ಕೆಟಿಂಗ್ ಪ್ರಾಜೆಕ್ಟಿಗೆ ಟಾಪಿಕ್ ಇಲ್ಲ ಅಂತ ಅಳ್ತೀರಲ್ಲ, ಸುಮ್ನೆ ಇಂಟರ್‌ನೆಟ್ಟಿಂದ ಸೋಪಿನ ಕಂಪನಿ ಕಾಪಿ ಮಾಡೋ ಬದಲು ಆ ಕುರ್ಚಿಗಳು ಯಾಕೆ ನಮ್ಮ ಹನೂರು, ಕೊಳ್ಳೇಗಾಲದ ಅಂಗಡಿಗಳಲ್ಲಿ ಸಿಗಲ್ಲ ಅಂತ ಬರೀರಿ. ನಾನಂತೂ ಅದನ್ನೇ ತಗೊಂಡಿದೀನಿ.

ಬೀಜ ಹಾಕಲೇಬೇಕು ಅಂತ ಕೈ ತುರಿಸಿದ್ರೆ ನಿಮ್ಮ ಹೊಲದ ಬದುವಿಗೆ ಹಾಕಿ. ನಿಮ್ಮೂರ ಹುಣಸೆ, ನಿಮ್ಮೂರ ಹೊಂಗೆ, ನಿಮ್ಮೂರ ಬೇವು. ಒಂದೇ ಮರದ ಬೀಜ ಬೇಡ, ಹತ್ತಾರು ಮರದ್ದು ಬೆರೆಸಿ.

ಈ ವಿಷಯವನ್ನೆಲ್ಲ ಬರೆದು ಮೇ ತಿಂಗಳಲ್ಲಿ ಕಾಲೇಜಿಗೆ ಒಂದು ಅರ್ಜಿ ಕೊಟ್ವಿ. ಹನ್ನೊಂದು ಜನ ಸಹಿ ಹಾಕಿದ್ವಿ, ಇಬ್ಬರು ಮಾರನೇ ದಿನ ಬಂದು ಹೆಸರು ಹೊಡೆಸಿಕೊಂಡ್ರು. ಇಂಟರ್ನಲ್ ಮಾರ್ಕ್ಸ್ ಭಯ, ಅವರ ಮೇಲೆ ನನಗೆ ಕೋಪ ಇಲ್ಲ. "ಮಕ್ಕಳಲ್ಲಿ ಪರಿಸರ ಪ್ರಜ್ಞೆ ಮೂಡಿಸೋದು ಮುಖ್ಯ, ಬೀಜ ಯಾವುದಾದ್ರೇನು" ಅಂತ ಉತ್ತರ ಬಂತು.

ಬೀಜ ಯಾವುದಾದ್ರೇನು. ಕಲ್ಕತ್ತೆಗೆ ಲಂಟಾನ ತಂದವರೂ ಇದನ್ನೇ ಅಂದಿರಬೇಕು.

ಜೂನ್ 5, ಬೆಳಿಗ್ಗೆ 7ಕ್ಕೆ ಗೇಟಿನ ಹತ್ರ ಬಸ್ಸು ಬರುತ್ತೆ. ಒಂಬತ್ತು ಜನ ಹತ್ತಲ್ಲ. ಅದೇ ದಿನ 8 ಗಂಟೆಗೆ ಗೆಳೆಯನ ಪೋಡಿನ ಹತ್ರ, ಅವನ ಚಿಕ್ಕಪ್ಪನ ಜಮೀನಿಗೆ ನುಗ್ಗಿರೋ ಲಂಟಾನ ಕೀಳೋಕೆ ಹೋಗ್ತೀವಿ. ಅದು ಪಟ್ಟಾ ಜಮೀನು, ಅನುಮತಿ ತಕರಾರಿಲ್ಲ. ಗುದ್ದಲಿ ಐದೇ ಇದೆ. ಬರೋರು ಗುದ್ದಲಿ, ದಪ್ಪ ಕೈಗವಸು, ನೀರು ತನ್ನಿ. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ, ಹಾವಿರ್ತವೆ. ಊಟ ಅವನ ಅಜ್ಜಿ ಮನೆಯಲ್ಲಿ, ರಾಗಿ ಮುದ್ದೆ, ಸೊಪ್ಪಿನ ಸಾರು. ಎಷ್ಟು ಜನ ಅಂತ ಮೂರನೇ ತಾರೀಕಿನೊಳಗೆ ನನಗೆ ಮೆಸೇಜ್ ಹಾಕಿ, ಅಜ್ಜಿ ಹಿಟ್ಟು ಬೀಸಬೇಕು.

#ಮಾದಪ್ಪನಕಾಡು #ಲಂಟಾನ #ಕಾಡುನೆಲ್ಲಿ #ಸೀಡ್‌ಬಾಲ್‌ಬೇಡ